ಪೂಜೆಗೆ ಕೂತ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರಿಗೆ ಕುಂಕುಮ ಇಡಿಸಲು ನಾನು ಒಂದು ವರ್ಷ ಜಗಳ ಆಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಆದ ಫಜೀತಿಗೆಲ್ಲ ಮೂಲ ನಾನೇ, ಬೇರೆ ಯಾರನ್ನೂ ಬೈಯುವಂತಿಲ್ಲ. ಯಾರನ್ನೂ ಬೈಯದೆ ಇರುವುದು ನನಗೆ ಬಲು ಕಷ್ಟದ ಕೆಲಸ.

ನಮ್ಮದು ಕಿರಂಗೂರಿನಲ್ಲಿ ಮರಗೆಲಸದ ಆಚಾರಿಗಳ ಮನೆ. ಮುಂದಿನ ಅರ್ಧ ಕೆಲಸದ ಶೆಡ್ಡು, ಹಿಂದಿನ ಅರ್ಧ ಸಂಸಾರ. ಶೆಡ್ಡಿಗೆ ನಮ್ಮ ಮಾವ ಒಡೆಯರು, ಅಡುಗೆಮನೆಗೆ ನಾನು, ನಮ್ಮ ಯಜಮಾನರು ಎರಡರ ನಡುವೆ ಬಾಗಿಲಲ್ಲಿ ನಿಂತು ಇಬ್ಬರಿಗೂ ಹೂಂಗುಟ್ಟುವವರು. ಕೆಲಸದಲ್ಲಿ ಅವರ ಕೈ ಚೆನ್ನಾಗಿದೆ, ಆದರೆ ಅಕ್ಷರ ಮಾತ್ರ ಅವರಿಗೇ ಮಾರನೆಯ ದಿನ ಓದಲು ಬಾರದು. ಒಮ್ಮೆ ಪಾಂಡವಪುರದವರೊಬ್ಬರು ಹೇಳಿದ ಆರು ಕಿಟಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದು, ತಾವೇ ಅದನ್ನು ಎಂಟು ಎಂದು ಓದಿ, ಎಂಟು ಮಾಡಿಟ್ಟರು. ಮಿಕ್ಕ ಎರಡು ಈಗಲೂ ನಮ್ಮ ಹಿತ್ತಲ ಗೋಡೆಗೆ ಒರಗಿವೆ. ಒಂದಕ್ಕೆ ಹೀರೆಬಳ್ಳಿ ಹಬ್ಬಿದೆ.

ಆ ಕಿಟಕಿಯಲ್ಲಿ ಹೀರೆಕಾಯಿ ಬಿಟ್ಟ ದಿನವೇ ನಾನು ಕಂಪ್ಯೂಟರ್ ಕಲಿಯುತ್ತೇನೆಂದು ಹಟ ಹಿಡಿದೆ. ಆಗ ನನಗೆ ನಲವತ್ತೇಳು. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲೆ ಒಂದು ಕೋಣೆ, ಆರು ಕಂಪ್ಯೂಟರು, ಒಂದು ಫ್ಯಾನು. ಕಲಿಸುವ ಮೇಡಂ ನನ್ನ ಮಗಳಿಗಿಂತ ಚಿಕ್ಕವಳು. ಅವಳು ನನ್ನನ್ನು ಆಂಟಿ ಎನ್ನುತ್ತಿದ್ದಳು, ನಾನು ಅವಳನ್ನು ಮೇಡಂ ಎನ್ನುತ್ತಿದ್ದೆ.

ಮೊದಲ ದಿನ ನಾನು ಟಿವಿಯಂತೆ ಇದ್ದ ಪರದೆಯನ್ನೇ ಕಂಪ್ಯೂಟರೆಂದು ನಂಬಿ ಅದನ್ನೇ ದಿಟ್ಟಿಸಿಕೊಂಡು ಕೂತಿದ್ದೆ. "ಅದು ಬರೀ ಮುಖ ಆಂಟಿ, ತಲೆ ಹೊಟ್ಟೆ ಎಲ್ಲಾ ಕೆಳಗಿರೋ ಡಬ್ಬದಲ್ಲಿದೆ," ಎಂದಳು. ಮೌಸನ್ನು ನಾನು ಹಿಡಿದ ರೀತಿ ನೋಡಿ, ಅದೇನು ಓಡಿಹೋಗುವುದಿಲ್ಲ, ಉಸಿರಾಡಲು ಬಿಡಿ ಎಂದಳು. ಮೂರನೆಯ ದಿನ ಒಂದು ಗಂಟೆ ಕೂತು, ಒಂದೊಂದೇ ಅಕ್ಷರ ಹುಡುಕಿ, ನಮ್ಮ ಶೆಡ್ಡಿನ ಕೆಲಸಗಳ ಪಟ್ಟಿ ಟೈಪು ಮಾಡಿ ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಪರದೆ ನುಣ್ಣಗೆ, ಒಂದಕ್ಷರವೂ ಇಲ್ಲ.

"ಸೇವ್ ಮಾಡಿದ್ರಾ ಆಂಟಿ?"

"ನೀವು ಹೇಳಿದ್ರಾ?" ಎಂದೆ. ನನ್ನ ಬಾಯಿ ಸ್ವಲ್ಪ ಜೋರು.

ಪಾಪ, ಅವಳು ಸಿಟ್ಟಾಗದೆ ಹೇಳಿಕೊಟ್ಟಳು. ನಾವು ಬರೆಯುತ್ತಿರುವುದು ಡಬ್ಬದೊಳಗೆ ಒಂದು ಜಾಗದಲ್ಲಿರುತ್ತದೆ, ಕಾಪಾಡಿ ಇಟ್ಟದ್ದು ಇನ್ನೊಂದು ಜಾಗದಲ್ಲಿ. ಮೊದಲನೆಯದು ಕರೆಂಟು ಇರುವಷ್ಟು ಹೊತ್ತು ಮಾತ್ರ. ಇದು ನನಗೆ ಚಕ್ಕನೆ ತಿಳಿಯಿತು. ಶೆಡ್ಡಿನಲ್ಲಿ ಕೆಲಸದ ಮೇಜು ಬೇರೆ, ಅಟ್ಟ ಬೇರೆ. ಮೇಜಿನ ಮೇಲಿದ್ದದ್ದನ್ನು ಸಂಜೆ ಗುಡಿಸುತ್ತಾರೆ, ಅಟ್ಟಕ್ಕೆ ಏರಿಸಿದ್ದು ಹತ್ತು ವರ್ಷವಾದರೂ ಅಲ್ಲೇ ಇರುತ್ತದೆ. ಸೇವ್ ಅಂದರೆ ಅಟ್ಟಕ್ಕೆ ಏರಿಸುವುದು. ಇಷ್ಟನ್ನು ನಾನು ಹೇಳಿದಾಗ ಮೇಡಂ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಇಂಟರ್ನೆಟ್ಟೂ ಹಾಗೇ ತಿಳಿಯಿತು. ಕಳಿಸಿದ ಕಾಗದ ಇಡಿಯಾಗಿ ಹೋಗುವುದಿಲ್ಲ, ಚೂರು ಚೂರಾಗಿ ಬೇರೆ ಬೇರೆ ದಾರಿ ಹಿಡಿದು ಹೋಗಿ ಆ ಕಡೆ ಮತ್ತೆ ಒಂದಾಗುತ್ತದೆ ಎಂದಳು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. ನನಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ. ನಮ್ಮ ಮಾವ ಬಾಗಿಲಿನ ಚೌಕಟ್ಟು ಮಾಡಿದರೆ ಅದನ್ನು ಜೋಡಿಸಿ ನೋಡಿ, ಮತ್ತೆ ಬಿಚ್ಚಿ, ಒಂದೊಂದು ಸೇರುವೆಗೂ ಉಳಿಯಲ್ಲಿ ಗೀರು ಹಾಕುತ್ತಿದ್ದರು. ಒಂದು ಗೀರಿಗೆ ಒಂದು ಗೀರು, ಎರಡಕ್ಕೆ ಎರಡು. ನಾಲ್ಕು ಮರ ನಾಲ್ಕು ಬಸ್ಸಿನ ಮೇಲೆ ಹೋದರೂ ಕೆ.ಆರ್. ಪೇಟೆಯಲ್ಲಿ ಇಳಿದ ಮೇಲೆ ಗೀರು ನೋಡಿ ಹೊಡೆದರೆ ಬಾಗಿಲು ನಿಲ್ಲುತ್ತದೆ. ಒಂದು ಮರ ಬಾರದಿದ್ದರೆ ಅದೊಂದನ್ನೇ ಮತ್ತೆ ಕೇಳಿ ತರಿಸುತ್ತಾರೆ. ಇಂಟರ್ನೆಟ್ಟು ಮಾಡುವುದೂ ಅಷ್ಟೇ, ಬಸ್ಸು ಮಾತ್ರ ಜೋರು.

ಕೊನೆಯ ವಾರ ನನಗೊಂದು ಮೇಲ್ ಐಡಿ ಮಾಡಿಕೊಟ್ಟಳು. ಮೇಲ್ ಎಲ್ಲ ನಿಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ, ದೂರದಲ್ಲಿ ಇನ್ನೊಬ್ಬರ ದೊಡ್ಡ ಕಂಪ್ಯೂಟರಿನಲ್ಲಿ ಇರುತ್ತದೆ, ನೀವು ಇಲ್ಲಿಂದ ನೋಡುತ್ತೀರಿ ಅಷ್ಟೇ ಎಂದೂ ಹೇಳಿದಳು. ನಾನು ತಲೆ ಆಡಿಸಿದೆ. ತಲೆ ಆಡಿಸಿದ್ದೆಲ್ಲ ತಲೆಗೆ ಹೋಗುವುದಿಲ್ಲ. ಫೋನ್ ನಂಬರು ಕೊಡಿ ಎಂದು ಅದು ಕೇಳಿತು. ಇಂಥ ಅರ್ಜಿಗಳಲ್ಲಿ ಮನೆಯ ಹಿರಿಯರದನ್ನು ಕೊಡಬೇಕೆಂದು ರೇಷನ್ ಕಾರ್ಡಿನ ಕಾಲದಿಂದ ಗೊತ್ತಿದ್ದವಳು ನಾನು. ಮಾವನ ನಂಬರು ಕೊಟ್ಟೆ. ಮಾವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಬಂದ ಸಂಖ್ಯೆಯನ್ನು ಅವರು ಶೆಡ್ಡಿನಿಂದ ನನಗೆ ಫೋನು ಮಾಡಿ ಕೂಗಿ ಹೇಳಿದರು, ನಾನು ಮೇಡಂಗೆ ಹೇಳಿದೆ, ಕೆಲಸ ಆಯಿತು. ಆ ನಂಬರಿನ ಮಾತು ಅಲ್ಲಿಗೆ ಮರೆತುಹೋಯಿತು.

ಮೈಸೂರಿನಿಂದ ಒಂದು ಹಳೆಯ ಕಂಪ್ಯೂಟರು ತಂದು ಶೆಡ್ಡಿನ ಮೂಲೆಯಲ್ಲಿ ಇಟ್ಟೆವು. ಮಾವ ಅದರ ಸುತ್ತ ಒಂದು ಸುತ್ತು ಬಂದರು.

"ಇದು ಕುಯ್ತದಾ?"

"ಇಲ್ಲ ಮಾವ."

"ಕೆತ್ತುತದಾ?"

"ಇಲ್ಲ."

"ಮತ್ಯಾಕೆ ಶೆಡ್ಡಲ್ಲಿ ಮಡಗಿದ್ದೀಯವ್ವ?"

ಆ ವರ್ಷದ ಆಯುಧಪೂಜೆಯಲ್ಲಿ ಮಾವ ಉಳಿ, ಬಾಚಿ, ಗರಗಸ, ಕೊಡತಿ ಎಲ್ಲವನ್ನೂ ಸಾಲಾಗಿ ಜೋಡಿಸಿ ವಿಭೂತಿ ಕುಂಕುಮ ಇಟ್ಟರು. ಬೈಕಿಗೆ ಇಟ್ಟರು. ನನ್ನ ಈಳಿಗೆಮಣೆಗೆ, ಒರಳಿಗೆ, ಕೊನೆಗೆ ಪೊರಕೆಗೂ ಇಟ್ಟರು. ಕಂಪ್ಯೂಟರಿಗೆ ಇಡಲಿಲ್ಲ. ಕುಯ್ಯದ್ದು ಆಯುಧವಲ್ಲವಂತೆ. ಪೊರಕೆ ಏನು ಕುಯ್ಯುತ್ತದೆ ಎಂದು ಕೇಳಿದೆ. ನಾನು ಆ ದಿನ ಪಾಯಸ ಮಾಡಲಿಲ್ಲ. ನಾನು ಕಲಿತ ಕೆಲಸಕ್ಕೆ ಪೊರಕೆಯ ಮರ್ಯಾದೆಯೂ ಇಲ್ಲವೇ ಎಂದು ನಿಜವಾಗಿಯೂ ಬೇಜಾರಾಗಿತ್ತು. ಅಲ್ಲಿಂದ ವರ್ಷವಿಡೀ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಆ ಮಾತು ತೆಗೆದು ಕುಟುಕುತ್ತಿದ್ದೆ.

ಮಾರನೆಯ ವರ್ಷ ಹಬ್ಬಕ್ಕೆ ಒಂದು ತಿಂಗಳಿರುವಾಗ ಬಾಗಿಲಿನ ಸುದ್ದಿ ಬಂತು. ನಾಗಮಂಗಲದ ಕಡೆ ಒಂದು ಊರಿನಲ್ಲಿ ಅಮ್ಮನವರ ಗುಡಿ ಹೊಸದಾಗಿ ಕಟ್ಟುತ್ತಿದ್ದರು. ಗರ್ಭಗುಡಿಗೆ ಬಾಗಿಲಾಗಬೇಕು. ಆ ಗುಡಿಯ ಕೆಲಸ ನೋಡಿಕೊಳ್ಳುವ ಗೌಡರು ನಮ್ಮ ಯಜಮಾನರಿಗೆ ಫೋನು ಮಾಡಿದರು.

"ಒಂದು ಡ್ರಾಯಿಂಗು ಕಳ್ಸಿ ಆಚಾರ್ರೆ. ಮೈಸೂರಿನೋರೊಬ್ರು ಮಿಷಿನ್ನಲ್ಲಿ ಕೊರ್ದು ಕೊಡ್ತೀವಿ ಅಂತ ಆಗ್ಲೇ ಕಳ್ಸವ್ರೆ. ಆಯುಧಪೂಜೆ ದಿನ ಸಾಯಂಕಾಲ ಆರ್ಗಂಟೆಗೆ ಎಲ್ರೂ ಕೂತ್ಕಂಡು ಎರಡನ್ನೂ ನೋಡಿ ಒಂದುಕ್ಕೆ ಊಂ ಅಂದ್ಬುಡ್ತೀವಿ."

ಮಾವನಿಗೆ ಎಪ್ಪತ್ತಾರು. ಕೈ ನಡುಗುತ್ತದೆಂದು ಎರಡು ವರ್ಷದಿಂದ ಉಳಿ ಹಿಡಿದಿರಲಿಲ್ಲ. ಈ ಸುದ್ದಿ ಕೇಳಿದವರು ಆ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯದೆ ಹೇಳಿದರು. "ಊರೋರ ಮನೆ ಬಾಗ್ಲೆಲ್ಲ ಮಾಡ್ದೆ. ದೇವ್ರ ಬಾಗ್ಲು ಒಂದ್ನೂ ಮಾಡ್ನಿಲ್ಲ ಕಣವ್ವ. ಇದೊಂದಾಗ್ಬುಟ್ರೆ ಸಾಕು ನಂಗೆ." ಅವರು ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು ಕಂಡದ್ದು.

ಕಾಗದದಲ್ಲಿ ಬರೆಯುವುದು ಅವರಿಗೆ ಗೊತ್ತಿಲ್ಲ. ಹಳೆಯ ಕಾಲದ ಆಚಾರಿಗಳಂತೆ ನೆಲದ ಮೇಲೆ, ಬಾಗಿಲು ಎಷ್ಟಿರುತ್ತದೋ ಅಷ್ಟೇ ಅಳತೆಗೆ ಬರೆಯಬೇಕು. ಶೆಡ್ಡಿನ ಕೆಂಪು ನೆಲ ಖಾಲಿ ಮಾಡಿಸಿ ಸೀಮೆಸುಣ್ಣ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಎಡಗೈಯನ್ನು ನೆಲಕ್ಕೆ ಬಲವಾಗಿ ಊರಿಕೊಂಡರೆ ಬಲಗೈ ನಡುಗುವುದು ಕಮ್ಮಿಯಾಗುತ್ತಿತ್ತು. ಒಂಬತ್ತು ದಿನ ಬರೆದರು. ಮೇಲೆ ಗಜಲಕ್ಷ್ಮಿ, ಎರಡು ಪಕ್ಕ ಬಳ್ಳಿ, ಬಳ್ಳಿಯ ಸುತ್ತಿನೊಳಗೆ ಒಂದೊಂದು ಹಂಸ. ಯಾವ ಹಂಸವೂ ಇನ್ನೊಂದರ ಹಾಗಿರಲಿಲ್ಲ. ಒಂದು ಹಂಸ ನಮ್ಮ ಪಕ್ಕದ ಮನೆಯವಳ ಹಾಗೆ ಕತ್ತು ತಿರುಗಿಸಿ ನೋಡುತ್ತಿತ್ತು.

ಹಬ್ಬದ ಹಿಂದಿನ ದಿನ ನಾನು ಏಣಿ ಹತ್ತಿ ನನ್ನ ಫೋನಿನಲ್ಲಿ ಮೂರು ಫೋಟೋ ತೆಗೆದೆ. ಕೆಳಗಿನ ಮೂಲೆಯಲ್ಲಿ ಮಾವ ಊರಿದ್ದ ಎಡಗೈ ಸುಣ್ಣದ ಪುಡಿಯಲ್ಲಿ ಅಚ್ಚಾಗಿ ಬಿದ್ದಿತ್ತು. ಕೊಳೆ ಕಂಡರೆ ನನಗಾಗದು, ಒರೆಸೋಣವೆಂದರೆ ಬಳ್ಳಿಯ ತುದಿ ಅಳಿಯುತ್ತದೆ, ಹಾಗೇ ಬಿಟ್ಟೆ. ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಮೇಲ್ ತೆರೆದು, ಮೂರನ್ನೂ ಅಂಟಿಸಿ, "ಗೌಡರಿಗೆ ನಮಸ್ಕಾರ" ಎಂದು ಬರೆದು ಎಲ್ಲ ತಯಾರು ಮಾಡಿದೆ. ಗೌಡರ ಮೇಲ್ ವಿಳಾಸ ಒಂದೇ ಬಾಕಿ. ನಾಳೆ ಮೆಸೇಜು ಮಾಡುತ್ತೇನೆ ಎಂದಿದ್ದರು. ಸರಿ, ನಾಳೆ ವಿಳಾಸ ಹಾಕಿ ಒತ್ತಿದರಾಯಿತು ಎಂದು ಎದ್ದೆ.

ಎದ್ದವಳು ಸುಮ್ಮನಿರಬೇಕಿತ್ತು. ನನ್ನ ಫೋನು ಬೆಳಿಗ್ಗೆಯಿಂದ ಜಾಗವಿಲ್ಲ, ಜಾಗವಿಲ್ಲ ಎಂದು ಗೊಣಗುತ್ತಿತ್ತು. ಫೋಟೋಗಳು ಹೇಗೂ ಕಂಪ್ಯೂಟರಿನಲ್ಲಿವೆಯಲ್ಲ ಎಂದು ಅಳಿಸಿದೆ. ಅಳಿಸಿದ್ದು ಫೋನಿನ ಕಸದ ಬುಟ್ಟಿಯಲ್ಲಿ ಒಂದು ತಿಂಗಳು ಇರುತ್ತದಂತೆ. ಗುಡಿಸಿದ ಮೇಲೆ ಕಸವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹೆಂಗಸು ನಾನಲ್ಲ. ಬುಟ್ಟಿಯನ್ನೂ ಖಾಲಿ ಮಾಡಿದೆ. ಆಮೇಲೆ ಹಬ್ಬಕ್ಕೆ ಶೆಡ್ಡು ತೊಳೆಯಬೇಕಲ್ಲ, ಬಕೆಟ್ಟು ಹಿಡಿದು ಹೋದೆ.

ಮಾವ ತಮ್ಮ ಬಾಗಿಲಿನ ಪಕ್ಕ ನಿಂತಿದ್ದರು. "ತೊಳ್ದ್ಬುಟ್ಟೀಯವ್ವ?"

"ಕಂಪ್ಯೂಟರಲ್ಲಿ ಅದೆ ಮಾವ. ಎಲ್ಲೂ ಓಗಕ್ಕಿಲ್ಲ."

"ದಿಟವಾಗ್ಲೂ ಅದ್ರೊಳಗೆ ಅದಾ?"

ಕರೆದುಕೊಂಡು ಹೋಗಿ ಪರದೆಯ ಮೇಲೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಮಾತು ಹೇಳಿದರು, ಅದಕ್ಕೆ ನಾನು ಒಂದು ವರ್ಷ ಕಾದಿದ್ದೆ. "ನನ್ ಬಾಗ್ಲು ಅದ್ರೊಳಗೆ ಅದೆ ಅಂದ್ಮೇಲೆ ಅದೂ ಆಯುಧನೇ ಕಣವ್ವ. ನಾಳೆ ಪೂಜೆಗೆ ಮಡಗು." ಕೆಲಸಕ್ಕೆ ಕರೆ ಬರುವುದು ಇದರಲ್ಲೇ ಅಲ್ಲವೇ ಎಂದು ತಮ್ಮ ಗುಂಡಿ ಫೋನನ್ನೂ ಆಯುಧಗಳ ಸಾಲಿಗೆ ಸೇರಿಸಿದರು. ನಾನು ಹಿಗ್ಗಿಕೊಂಡು ನೀರು ಹುಯ್ದು, ಬಾಗಿಲು, ಬಳ್ಳಿ, ಹಂಸ ಎಲ್ಲವನ್ನೂ ಉಜ್ಜಿ ತೊಳೆದೆ.

ಆಯುಧಪೂಜೆಯ ಬೆಳಿಗ್ಗೆ ಕಂಪ್ಯೂಟರಿನ ಡಬ್ಬಕ್ಕೆ, ಪರದೆಗೆ, ಮೌಸಿಗೆ ಕೂಡ ನಾನೇ ವಿಭೂತಿ ಎಳೆದು ಕುಂಕುಮ ಇಟ್ಟೆ. ಮಾವ ಮಂಗಳಾರತಿ ಎತ್ತಿದರು. ಬೂದುಗುಂಬಳಕಾಯಿ ಒಡೆದಾಯಿತು. ಕಡಲೆಪುರಿ ಹಂಚಿದ್ದಾಯಿತು. ಎಲ್ಲವನ್ನೂ ಫೋಟೋ ತೆಗೆದು ಕಲಿಸಿದ ಮೇಡಂಗೆ ಕಳಿಸಿದೆ. ಗೆದ್ದ ಖುಷಿಗೆ ಪಾಯಸಕ್ಕೆ ಎರಡು ಹಿಡಿ ದ್ರಾಕ್ಷಿ ಹೆಚ್ಚಿಗೆ ಹಾಕಿದೆ.

ಮಧ್ಯಾಹ್ನ ಮೂರು ಗಂಟೆಗೆ ನನ್ನ ಫೋನಿಗೆ ಗೌಡರ ಮೆಸೇಜು ಬಂತು. ಮೇಲ್ ವಿಳಾಸ. ನಾನು ಸೆರಗಿಗೆ ಕೈ ಒರೆಸಿಕೊಂಡು ಶೆಡ್ಡಿಗೆ ಹೋಗಿ ಸ್ವಿಚ್ಚಿಗೆ ಕೈ ಚಾಚಿದೆ.

"ಅವ್ವ, ಮುಟ್ಬ್ಯಾಡ," ಎಂದರು ಮಾವ.

ಆಗ ನೆನಪಾಯಿತು. ಪೂಜೆಗೆ ಕೂತ ಆಯುಧವನ್ನು ಮಾರನೆಯ ದಿನ ವಿಜಯದಶಮಿಗೆ ಎತ್ತುವವರೆಗೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅವತ್ತು ಅದಕ್ಕೆ ವಿಶ್ರಾಂತಿ.

"ಮಾವ, ಆರ್ಗಂಟೆಗೆ ಮೀಟಿಂಗು. ನಿಮ್ಮ ಬಾಗ್ಲೇ ಕಣ್ರೀ ಇದು."

ಅವರು ಎಡಗೈಯ ತೋರುಬೆರಳು ಎತ್ತಿ ತೋರಿಸಿದರು. ಅದು ಅರ್ಧವೇ ಇದೆ. ನಮ್ಮ ಯಜಮಾನರು ಹುಟ್ಟಿದ ವರ್ಷ, ಇಂಥದೇ ಪೂಜೆಯ ಸಂಜೆ, ಯಾರದೋ ಎತ್ತಿನ ಗಾಡಿ ಬಾಗಿಲಲ್ಲಿ ಕೆಟ್ಟು ನಿಂತಿತಂತೆ. ಒಂದು ಬೆಣೆ ತಾನೇ ಎಂದು ಮಾವ ಪೂಜೆಯಿಂದ ಬಾಚಿ ಎತ್ತಿದರಂತೆ. ಎರಡನೆಯ ಏಟಿಗೆ ಬೆರಳ ತುದಿ ಹಾರಿತು. ನಮ್ಮ ಕುಲದೇವತೆ ಕಾಳಮ್ಮ ತನ್ನದನ್ನು ತಾನು ಇಸಿದುಕೊಂಡಳು ಎಂದು ಪ್ರತಿ ಹಬ್ಬಕ್ಕೂ ನಮಗೆ ಹೇಳುತ್ತಾರೆ. ಬೇರೆ ಯಾರೇ ಅಡ್ಡ ಬಂದಿದ್ದರೂ ನಾನು ದಬ್ಬಿಕೊಂಡು ಹೋಗಿ ಒತ್ತಿಬಿಡುತ್ತಿದ್ದೆ. ಆ ಬೆರಳು ಕಂಡು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದೆ.

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಕಡಲೆಪುರಿ ತಿನ್ನುತ್ತಿದ್ದರು. "ಫೋಟೋ ನಿನ್ ಫೋನಲ್ಲಿ ಇಲ್ವಾ?"

"ಅಳ್ಸಿದೆ."

"ಸರಿ, ನೆಲದ್ ಮೇಲಿರೋದ್ನೇ ಇನ್ನೊಂದ್ಸಲ ತೆಗ್ದ್ರಾಯ್ತು," ಎಂದು ನೆಲ ನೋಡಿದರು. ನೆಲ ಪಳಪಳ ಹೊಳೆಯುತ್ತಿತ್ತು. ನನ್ನ ಮುಖ ನೋಡಿ, ಪುರಿಯನ್ನು ಅಗಿಯುವುದು ನಿಲ್ಲಿಸಿದರು. "ನಾನೇ ಬೈಕಲ್ಲಿ ಓಗಿ ಎಂಗಿತ್ತು ಅಂತ ಬಾಯಲ್ಲಿ ಹೇಳ್ಬುಡ್ಲಾ?"

"ಹಂಸನ ಬಾಯಲ್ಲಿ ಹೇಳ್ತೀರಾ? ಬೈಕೂ ಪೂಜೆಗೆ ನಿಂತದೆ, ಕಣ್ ಕಾಣಕ್ಕಿಲ್ವಾ?"

ಅವರ ಮೇಲೆ ಹಾರಿದೆ, ಹೌದು. ಆದರೆ ತಪ್ಪು ಯಾರದೆಂದು ನನಗೆ ಗೊತ್ತಿತ್ತು. ತೊಳೆದವಳು ನಾನು, ಅಳಿಸಿದವಳು ನಾನು, ಬುಟ್ಟಿ ಖಾಲಿ ಮಾಡಿದವಳು ನಾನು, ಕಂಪ್ಯೂಟರನ್ನು ದೇವರು ಮಾಡಿ ಕೂರಿಸಿದವಳೂ ನಾನೇ. ಮಾವ ಇನ್ನೊಮ್ಮೆ ಬರೆಯಲಾರರು. ಒಂಬತ್ತು ದಿನವೂ ಇಲ್ಲ, ಆ ಕೈಯಲ್ಲಿ ಅಷ್ಟು ಬಲವೂ ಉಳಿದಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನದೆ ಗೋಡೆಗೆ ಒರಗಿ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಲ್ಕೂವರೆಗೆ ನಾನು ಮೇಡಂಗೆ ಫೋನು ಮಾಡಿದೆ. ಅವಳ ಮನೆಯಲ್ಲೂ ಹಬ್ಬ, ಬಾಯಲ್ಲಿ ಏನೋ ಇತ್ತು. ಎಲ್ಲ ಹೇಳಿದೆ.

"ಕಂಪ್ಯೂಟರ್ ಯಾಕೆ ಬೇಕು ಆಂಟಿ? ನೀವು ಮೇಲ್‌ಗೆ ಫೋಟೋ ಹಾಕಿ ಆಗಿದೆ ತಾನೆ? ಕಳಿಸದೆ ನಿಲ್ಲಿಸಿದ ಮೇಲ್ ಡ್ರಾಫ್ಟಲ್ಲಿ ಇರುತ್ತೆ. ಅದು ನಿಮ್ಮ ಡಬ್ಬದಲ್ಲಿ ಇಲ್ವೇ ಇಲ್ಲ. ಅವತ್ತೇ ಹೇಳಿದ್ನಲ್ಲ, ದೂರದ ಕಂಪ್ಯೂಟರಲ್ಲಿ ಇರುತ್ತೆ ಅಂತ. ನಿಮ್ಮ ಫೋನಲ್ಲಿ ಅದೇ ಐಡಿ, ಅದೇ ಪಾಸ್‌ವರ್ಡ್ ಹಾಕಿ ನೋಡಿ."

ಅವತ್ತು ತಲೆ ಆಡಿಸಿದ್ದು ಈಗ ತಲೆಯೊಳಗೆ ಇಳಿಯಿತು. ನಾನು ಮಾವನ ಎದುರು ಕೂತು ಹೇಳಿದೆ. ಅಟ್ಟ ನಮ್ಮ ಮನೆಯದಲ್ಲ ಮಾವ, ಬೇರೆಯವರದು, ಎಲ್ಲೋ ದೂರದಲ್ಲಿದೆ. ನಿಮ್ಮ ಬಾಗಿಲು ನಿನ್ನೆಯೇ ಆ ಅಟ್ಟ ಹತ್ತಿ ಕೂತಿದೆ. ನಮ್ಮ ಕಂಪ್ಯೂಟರು ಬರೀ ಏಣಿ. ಈ ಏಣಿ ಮುಟ್ಟಬಾರದಾದರೆ ನನ್ನ ಫೋನೆಂಬ ಇನ್ನೊಂದು ಏಣಿ ಇಟ್ಟು ಹತ್ತಬಹುದು.

ಮಾವ ಯೋಚಿಸಿದರು. "ಅಂಗಾದ್ರೆ ನಾವು ಬೆಳಿಗ್ಗೆ ಪೂಜೆ ಮಾಡಿದ್ದು ಏಣಿಗಾ?"

"ಊಂ."

"ಆ ಅಟ್ಟದೋರು ಅದುಕ್ಕೆ ಪೂಜೆ ಮಾಡವ್ರಾ?"

"ಇಲ್ಲ ಮಾವ. ಅವ್ರ ದೇಶದಲ್ಲಿ ಆಯುಧಪೂಜೆ ಇಲ್ಲ."

"ನಿನ್ ಫೋನು ಪೂಜೆಗೆ ಮಡಗಿದ್ಯಾ?"

"ಫೋಟೋ ತೆಗೀಬೇಕಿತ್ತಲ್ಲ, ಮಡಗ್ನಿಲ್ಲ."

"ಅಂಗಾದ್ರೆ ಮುಟ್ಬೋದು," ಎಂದು ತೀರ್ಪು ಕೊಟ್ಟರು. ಯಾವ ಕೋರ್ಟಿನಲ್ಲೂ ಅಷ್ಟು ಸರಿಯಾಗಿ ವಿಚಾರಣೆ ಆಗಿರಲಾರದು.

ಫೋನಿನಲ್ಲಿ ಮೇಲ್ ಐಡಿ ಹಾಕಿದೆ. ಪಾಸ್‌ವರ್ಡ್ ಕೇಳಿತು. ಯಾರಿಗೂ ಹೊಳೆಯದಂಥದ್ದು ಇಡಿ ಎಂದು ಮೇಡಂ ಹೇಳಿದ್ದರಿಂದ ನಾನು ನಮ್ಮ ಯಜಮಾನರನ್ನು ಬೈಯುವ ಒಂದು ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದೆ. ಅವರು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಪಾಸ್‌ವರ್ಡ್ ಒತ್ತಿದಾಗ ಅಕ್ಷರದ ಬದಲು ಚುಕ್ಕಿ ಕಾಣುವಂತೆ ಮಾಡಿದ ಪುಣ್ಯಾತ್ಮ ಯಾರೋ, ಅವನೂ ಸಂಸಾರಸ್ಥನೇ ಇರಬೇಕು.

ಒಳಗೆ ಬಿಡಲಿಲ್ಲ. ಇದು ಹೊಸ ಫೋನು, ನೀವು ನೀವೇ ಎಂದು ಗೊತ್ತಾಗಬೇಕು, ನಿಮ್ಮ ನಂಬರಿಗೆ ಒಂದು ಸಂಖ್ಯೆ ಕಳಿಸಿದ್ದೇವೆ ಎಂದಿತು. ನನ್ನ ಫೋನಿಗೆ ಏನೂ ಬರಲಿಲ್ಲ.

ಆಯುಧಗಳ ಸಾಲಿನಿಂದ ಟಿಣ್ ಎಂದು ಸದ್ದು ಬಂತು.

ಮೂವರೂ ತಿರುಗಿ ನೋಡಿದೆವು. ಉಳಿಗೂ ಬಾಚಿಗೂ ನಡುವೆ, ಹಣೆಗೆ ಕುಂಕುಮ ಇಟ್ಟುಕೊಂಡು, ಸೇವಂತಿಗೆ ಹೂ ಮುಡಿದು, ಮಾವನ ಗುಂಡಿ ಫೋನು ಒಂದು ಗಳಿಗೆ ಬೆಳಗಿ ಮತ್ತೆ ಕಪ್ಪಾಯಿತು. ಮನೆಯ ಹಿರಿಯರ ನಂಬರು. ರೇಷನ್ ಕಾರ್ಡಿನ ಬುದ್ಧಿ. ನಾನು ಹಣೆ ಚಚ್ಚಿಕೊಂಡೆ.

ಸಂಖ್ಯೆ ನೋಡಬೇಕಾದರೆ ಒಂದು ಗುಂಡಿ ಒತ್ತಲೇಬೇಕು. ಗುಂಡಿ ಒತ್ತಿದರೆ ಆಯುಧ ಮುಟ್ಟಿದಂತೆ. ಯಜಮಾನರು ಊದುಬತ್ತಿಯ ಕಡ್ಡಿಯಲ್ಲಿ ಒತ್ತೋಣವೇ ಎಂದರು. ಕಡ್ಡಿಯಲ್ಲಿ ಮುಟ್ಟಿದರೂ ಮುಟ್ಟಿದ್ದೇ ಎಂದರು ಮಾವ. ಈ ಚರ್ಚೆ ಮುಗಿಯುವುದರೊಳಗೆ ಆ ಸಂಖ್ಯೆಯ ಗಡುವು ಮುಗಿದು, ಮತ್ತೊಂದು ಕಳಿಸಲೇ ಎಂದು ನನ್ನ ಫೋನು ಕೇಳಿತು. ಗಂಟೆ ಐದೂ ಕಾಲು. ನನಗೆ ಅಳು ಬರುವಂತಾಗಿತ್ತು. ಸೋತದ್ದಕ್ಕಲ್ಲ, ಆ ಮುದುಕರು ಜೀವಮಾನದಲ್ಲಿ ಕೇಳಿದ ಒಂದೇ ಒಂದು ವಸ್ತುವನ್ನು ನನ್ನ ಜಂಬದಿಂದ ತಪ್ಪಿಸುತ್ತಿದ್ದೇನಲ್ಲ ಎಂದು.

"ಬುಡಿ ಮಾವ," ಎಂದೆ. "ನಂದೇ ತಪ್ಪು. ಗೌಡ್ರಿಗೆ ಹೇಳ್ಬುಡ್ತೀನಿ."

ಮಾವ ನನ್ನ ಮುಖ ನೋಡಿದರು. ಗೋಡೆ ಹಿಡಿದುಕೊಂಡು ಎದ್ದರು. ಆಯುಧಗಳ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿ ಕೈಮುಗಿದರು. "ಇನ್ನೊಂದ್ಸಲ ಕಳ್ಸಕ್ಕೆ ಹೇಳವ್ವ ಅದುಕ್ಕೆ."

ನಾನು ಒತ್ತಿದೆ. ಟಿಣ್ ಎಂದಿತು.

ಅವರು ಎಡಗೈ ಚಾಚಿದರು. ನಾಲ್ಕು ಬೆರಳು ಮಡಿಸಿ, ತುಂಡಾದ ಆ ತೋರುಬೆರಳನ್ನು ಮಾತ್ರ ಮುಂದೆ ಮಾಡಿದರು.

"ಅಪ್ಪಾ, ಬ್ಯಾಡ," ಎಂದರು ನಮ್ಮ ಯಜಮಾನರು. ಅವರ ದನಿ ಗಟ್ಟಿಯಾದದ್ದನ್ನು ನಾನು ಅವತ್ತೇ ಕೇಳಿದ್ದು.

"ಸುಮ್ಕಿರ್ಲಾ. ಈ ಬೆರಳಿಂದ ಕಾಳಮ್ಮಂಗೆ ಬರ್ಬೇಕಾದ್ದು ಆಗ್ಲೇ ಬಂದದೆ. ಇನ್ನೇನದೆ ಇದ್ರಲ್ಲಿ ಕಿತ್ಕಳಕ್ಕೆ?"

ಒತ್ತಿದರು. ಪರದೆ ಬೆಳಗಿತು. ಫೋನನ್ನು ಎತ್ತದೆ, ನೆಲದ ಹತ್ತಿರಕ್ಕೆ ಮುಖ ತಂದು, ಮರದ ಅಳತೆ ಓದುವ ಹಾಗೆ ಒಂದೊಂದೇ ಅಂಕಿ ಓದಿದರು. ನಾನು ಹಾಕುತ್ತಾ ಹೋದೆ. ಆರನೆಯದು ಹಾಕಿದಾಗ ಒಳಗೆ ಬಿಟ್ಟಿತು. ಡ್ರಾಫ್ಟ್ ಎಂಬಲ್ಲಿ ಒಂದೇ ಒಂದು ಮೇಲ್ ಕೂತಿತ್ತು. ಗೌಡರಿಗೆ ನಮಸ್ಕಾರ. ಕೆಳಗೆ ಗಜಲಕ್ಷ್ಮಿ, ಬಳ್ಳಿ, ಹಂಸ, ಪಕ್ಕದ ಮನೆಯವಳೂ ಸೇರಿ ಎಲ್ಲ ಹಾಗ್ಹಾಗೇ ಇತ್ತು. ವಿಳಾಸ ಹಾಕಿ ಒತ್ತಿದೆ. ಒಂದು ಸೆಕೆಂಡಿಗೆ ಹೋಯಿತು.

"ಅಷ್ಟೇಯಾ?" ಎಂದರು ಮಾವ.

"ಅಷ್ಟೇ. ನಿನ್ನೇನೇ ಮೇಲತ್ತಿತ್ತಲ್ಲ."

"ಅಂಗಾದ್ರೆ ಇಲ್ಲಿಂದ ಓಯ್ತು."

"ಇಲ್ಲೂ ಅದೆ ಮಾವ. ಇದ್ರಲ್ಲಿ ಕಳ್ಸಿದ್ರೆ ಅಲ್ಲಿಗೆ ಅಂಥದ್ದೇ ಇನ್ನೊಂದು ಓಯ್ತದೆ. ನಮ್ದು ನಮ್ಮತ್ರನೇ ಇರ್ತದೆ."

ಮಾವ ನನ್ನ ಫೋನಿನೊಳಗೆ ಬಗ್ಗಿ ನೋಡಿದರು. "ನಾನ್ ಮಾಡಿದ್ ಬಾಗ್ಲೆಲ್ಲ ಹೋದೋವು ಹೋದ್ವು," ಎಂದರು. "ಒಂದೂ ಇಲ್ಲಿ ಉಳೀನಿಲ್ಲ ಕಣವ್ವ." ನಮ್ಮ ಶೆಡ್ಡಿಗೆ ಇರುವುದು ತಗಡಿನ ಬಾಗಿಲು.

ಏಳು ಗಂಟೆಗೆ ಗೌಡರ ಫೋನು ಬಂತು. ನಾನೇ ಎತ್ತಿದೆ. ಮಾವ ಪಕ್ಕದಲ್ಲೇ ಇದ್ದರು, ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ಎರಡನ್ನೂ ದೊಡ್ಡ ಟಿವಿಗೆ ಹಾಕಿ ನೋಡುದ್ವಿ ಕಣವ್ವ. ಮೈಸೂರಿಂದು ಬಲು ನೀಟಾ ಅದೆ, ಸುಳ್ಳು ಹೇಳ್ಬಾರ್ದು. ನಿಮ್ದ್ರಲ್ಲಿ ಕೆಳಗಡೆ ಮೂಲೇಲಿ ಯಾರ್ದೋ ಕೈ ಅಚ್ಚು ಬಿದ್ದದೆ. ನಾಕೂವರೆ ಬೆರಳು. ಯಾರ್ದದು?"

ಒರೆಸಬೇಕಿತ್ತು ಎಂದುಕೊಂಡೆ. "ನಮ್ಮಾವಂದು," ಎಂದೆ. "ಕೈ ನಡುಗ್ತದೆ, ಊರ್ಕಂಡು ಬರೆದವ್ರೆ. ಕೊಳೆ ಅನ್ಕೊಬ್ಯಾಡಿ."

ಆ ಕಡೆ ಏನೋ ಗುಜುಗುಜು ಮಾತಾಯಿತು. ಆಮೇಲೆ ಗೌಡರು ಬಂದರು. "ಇಲ್ಲಿ ನಮ್ಮ ಹಿರೀಕರು ಎಲ್ಲ ಅದುನ್ನೇ ನೋಡ್ತಾ ಕೂತವ್ರೆ. ಅಮ್ಮನ ಬಾಗ್ಲು ಆ ಕೈಲೇ ಆಗ್ಲಿ ಅಂತಾವ್ರೆ. ಅವ್ರು ಕೂತು ಹೇಳ್ಲಿ, ಮಗ ಕೆತ್ಲಿ, ಸಾಕು. ಬುಧವಾರ ಅಳತೆಗೆ ಬನ್ನಿ."

ಮಾವ ಪಾಯಸ ಉಳಿದಿದೆಯೇ ಎಂದು ಕೇಳಿದರು, ಇನ್ನೊಂದು ಲೋಟ ಕುಡಿದರು.

ಮಾರನೆಯ ಬೆಳಿಗ್ಗೆ ಪೂಜೆ ಎತ್ತಿದೆವು. ಪ್ರತಿ ವರ್ಷ ಅವರು ಮೊದಲು ಎತ್ತುವುದು ಬಾಚಿಯನ್ನು. ಈ ಸಲ ಕುಂಕುಮದ ಬಟ್ಟಲು ಬದಿಗೆ ಸರಿಸಿ ಕಂಪ್ಯೂಟರಿನ ಮುಂದೆ ಕೂತರು. "ಆ ಕೈ ಇನ್ನೂ ಇಲ್ಲೇ ಅದಾ, ತೋರ್ಸು." ನಾನು ಸ್ವಿಚ್ಚು ಹಾಕಿ, ಮೂಲೆಯನ್ನು ದೊಡ್ಡದು ಮಾಡಿ ತೋರಿಸಿದೆ. ಕೆಂಪು ನೆಲ, ಬಿಳಿಯ ಕೈ, ನಾಲ್ಕೂವರೆ ಬೆರಳು. ಮಾವ ತಮ್ಮ ಎಡಗೈ ಎತ್ತಿ ಅದರ ಮೇಲೆ ಸರಿಯಾಗಿ ಇಟ್ಟು ನೋಡಿದರು. ಕೈ ತೆಗೆದಾಗ ಪರದೆಯ ಮೇಲೆ ಕುಂಕುಮದ ಗುರುತು ನಿಂತಿತ್ತು.

ಪರದೆ ಮುಟ್ಟಿದವರನ್ನು ನಾನು ಸುಮ್ಮನೆ ಬಿಡುವವಳಲ್ಲ. ಮನೆಗೆ ಬಂದ ನೆಂಟರಿಗೂ ಹೇಳಿದ್ದೇನೆ. ನಮ್ಮ ಯಜಮಾನರಿಗೆ ಅದು ಚೆನ್ನಾಗಿ ಗೊತ್ತು. ಮಧ್ಯಾಹ್ನ ಪಾಪ, ನನ್ನ ಬಾಯಿಗೆ ಹೆದರಿ, ನಾನು ಹೇಳುವ ಮೊದಲೇ ಒದ್ದೆ ಬಟ್ಟೆ ತಂದು ಆ ಗುರುತು ಒರೆಸಲು ಹೋದರು. ಬಟ್ಟೆ ಕಿತ್ತುಕೊಂಡು ಅವರ ಕೈ ಮೇಲೆ ಒಂದು ಬಿಟ್ಟೆ.